ಕಾಣದ ಪದರಗಳ ಪಾಠ: ಹಿಂದಿನವರ ಭಾವಚಿತ್ರ ನಕಲಿಸಿ ಕಲಿಯುವ ಬಗೆ

1639ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಹರಾಜಿಗೆ ಇಟಲಿಯ ಚಿತ್ರಕಾರ ರಾಫೆಲ್ ಬರೆದ, ಆಸ್ಥಾನಿಕ ಬಾಲ್ದಸ್ಸಾರೆ ಕಾಸ್ಟಿಲ್ಯೋನೆಯ ಭಾವಚಿತ್ರ ಬಂದಿತು. ಅಷ್ಟು ಹೊತ್ತಿಗೆ ಆ ಚಿತ್ರಕ್ಕೆ ನೂರಿಪ್ಪತ್ತು ವರ್ಷ ಮೀರಿತ್ತು. ಹರಾಜು ನೋಡಲು ಬಂದಿದ್ದ ಡಚ್ ಚಿತ್ರಕಾರ ರೆಂಬ್ರಾಂಟ್ ಲೇಖನಿಯಿಂದ ಅದರ ಒಂದು ಚಿಕ್ಕ ರೇಖಾಚಿತ್ರ ಮಾಡಿಕೊಂಡು, ಅದು 3,500 ಗಿಲ್ಡರ್‌ಗೆ ಹೋಯಿತೆಂದು ಪಕ್ಕದಲ್ಲಿ ಬರೆದಿಟ್ಟುಕೊಂಡನು. ಆ ಹಾಳೆ ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹದಲ್ಲಿದೆ. ಅದರಲ್ಲಿ ಮುಖಲಕ್ಷಣ ಇಲ್ಲವೆನ್ನುವಷ್ಟು ಕಡಿಮೆ. ಟೋಪಿ ಮೂಲದಲ್ಲಿರುವುದಕ್ಕಿಂತ ಹೆಚ್ಚು ಓರೆಯಾಗಿದೆ. ಅವನಿಗೆ ಬೇಕಾಗಿದ್ದುದು ಕುಳಿತ ಭಂಗಿ, ಭುಜದ ತಿರುವು, ಟೋಪಿಯ ಕೆಳಗಿನ ಮುಖದ ತೂಕ. ಮರುವರ್ಷ, 1640ರಲ್ಲಿ, ಅವನು ಬರೆದ ಸ್ವಂತ ಭಾವಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ರಾಫೆಲ್‌ನ ಆ ಭಂಗಿಯೂ, ಟಿಶಿಯನ್‌ನ ಇನ್ನೊಂದು ಭಾವಚಿತ್ರದಲ್ಲಿ ಕಟ್ಟೆಯ ಮೇಲೆ ಊರಿದ ತೋಳೂ ಅದರಲ್ಲಿ ಬೆರೆತಿರುವುದನ್ನು ಯಾರಾದರೂ ಗುರುತಿಸಬಹುದು.

ಕಾಸ್ಟಿಲ್ಯೋನೆಯ ಇದೇ ಚಿತ್ರವನ್ನು ರೂಬೆನ್ಸ್ ಕೂಡ ನಕಲಿಸಿದ್ದನು. ಅವನದು ಎಣ್ಣೆಬಣ್ಣದ ಪೂರ್ಣ ಪ್ರತಿ; ಅದು ಲಂಡನ್ನಿನ ಕೋರ್ಟೋಲ್ಡ್ ಸಂಗ್ರಹದಲ್ಲಿದೆ. ಹೀಗೆ ಒಂದೇ ಚಿತ್ರದಿಂದ ಇಬ್ಬರು ಬೇರೆ ಬೇರೆ ಸಾಮಗ್ರಿಯನ್ನು ತೆಗೆದುಕೊಂಡರು. ಇಬ್ಬರೂ ಅದಾಗಲೇ ಕೈ ಪಳಗಿದವರು, ತಮಗೆ ಬೇಕಾದುದೇನೆಂದು ತಿಳಿದವರು. ಈ ಉಪನ್ಯಾಸದಲ್ಲಿ ನಾನು ಮಾತನಾಡಬೇಕಾಗಿರುವುದು ಇನ್ನೂ ಅಷ್ಟು ದೂರ ಬಾರದವರನ್ನು ಕುರಿತು. ಕಲಿಯುವವರು ನಕಲಿಗೆ ಕೂತಾಗ ಅವರ ಕಣ್ಣಮುಂದೆ ಇರುವುದು ಚಿತ್ರದ ಕೊನೆಯ ಪದರ ಮಾತ್ರ. ಆ ಕೊನೆಯ ಪದರವನ್ನು ಹೋಲುವ ಬಣ್ಣಗಳನ್ನು ಪ್ಯಾಲೆಟ್ಟಿನಲ್ಲಿ ಕಲಸಿ, ಕಂಡಲ್ಲಿ ಕಂಡಂತೆ ಮೆತ್ತುತ್ತಾ ಹೋದರೆ, ಗೋಡೆಗೆ ತೂಗುಹಾಕುವಂಥ ಪ್ರತಿ ಸಿಗಬಹುದು, ಕಲಿಕೆ ಸಿಗುವುದಿಲ್ಲ. ಯಾವ ಪದರ ಮೊದಲು ಬಂತು, ಯಾವುದು ಒಣಗಿದ ಮೇಲೆ ಯಾವುದು ಬಂತು, ಎಲ್ಲಿ ಕಲಾವಿದ ಸುಮ್ಮನೆ ಬಿಟ್ಟುಬಿಟ್ಟ ಎಂಬ ಕ್ರಮವನ್ನು ಊಹಿಸಿ, ಆ ಊಹೆಯನ್ನು ಕೈಯಿಂದ ಪರೀಕ್ಷಿಸುವುದೇ ನಕಲಿನ ನಿಜವಾದ ಕೆಲಸವೆಂಬುದು ನನ್ನ ಅಭಿಪ್ರಾಯ.

ಹಿಂದಿನ ಕಾರ್ಯಾಗಾರಗಳಲ್ಲಿ ಈ ಊಹೆಯ ಅಗತ್ಯವೇ ಇರಲಿಲ್ಲ. ಗುರು ಬರೆಯುತ್ತಿದ್ದಾಗಲೇ ಶಿಷ್ಯ ಪಕ್ಕದಲ್ಲಿ ನಿಂತು ಬರೆಯುತ್ತಿದ್ದನು. ಮಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದಲ್ಲಿ ಮೋನಾ ಲೀಸಾಳ ಒಂದು ಪ್ರತಿ ಬಹಳ ಕಾಲ ಕಪ್ಪು ಹಿನ್ನೆಲೆಯೊಂದಿಗೆ ಸಾಮಾನ್ಯ ನಕಲೆನಿಸಿಕೊಂಡು ಇತ್ತು. 2012ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ, ಕಪ್ಪು ಬಣ್ಣ ನಂತರದ ಕಾಲದ್ದೆಂದೂ, ಅದರ ಕೆಳಗೆ ಮೂಲದಲ್ಲಿರುವಂಥದೇ ಭೂದೃಶ್ಯವಿದೆಯೆಂದೂ ತಿಳಿಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಲಿಯೊನಾರ್ಡೊ ತನ್ನ ಚಿತ್ರದ ಒಳರೇಖೆಗಳಲ್ಲಿ, ಅಂದರೆ ಬಣ್ಣದ ಕೆಳಗೆ ಮೊದಲು ಎಳೆದ ರೇಖೆಗಳಲ್ಲಿ, ಮಾಡಿಕೊಂಡ ತಿದ್ದುಪಡಿಗಳು ಪ್ರತಿಯ ಒಳರೇಖೆಗಳಲ್ಲೂ ಕಂಡವು. ಮುಗಿದ ಚಿತ್ರವನ್ನು ನೋಡಿ ಬರೆದವನಿಗೆ ಒಳಗೆ ಮುಚ್ಚಿಹೋದ ತಿದ್ದುಪಡಿ ತಿಳಿಯುವುದು ಸಾಧ್ಯವಿಲ್ಲ. ಆದ್ದರಿಂದ ಆ ಶಿಷ್ಯ ಗುರುವಿನ ಜೊತೆಜೊತೆಗೇ, ಅವನು ತಿದ್ದಿದಂತೆ ತಾನೂ ತಿದ್ದುತ್ತಾ ಹೋಗಿದ್ದನು.

ಇದಕ್ಕೆ ವಿರುದ್ಧವಾದ ಉದಾಹರಣೆ ರೆಂಬ್ರಾಂಟ್‌ನ ಯೌವನದ ಒಂದು ಸ್ವಂತ ಭಾವಚಿತ್ರ. ಕೊರಳಿಗೆ ಉಕ್ಕಿನ ಕವಚ ಧರಿಸಿದ, 1629ರ ಸುಮಾರಿನ ಚಿತ್ರ. ಹೇಗ್ ನಗರದ ಮಾರಿತ್ಸ್‌ಹೌಸ್‌ನಲ್ಲಿರುವುದು ಮೂಲ, ನ್ಯೂರೆಂಬರ್ಗ್‌ನಲ್ಲಿರುವುದು ನಕಲು ಎಂದು ತಲೆಮಾರುಗಳ ಕಾಲ ನಂಬಲಾಗಿತ್ತು. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಹೇಗ್‌ನ ಚಿತ್ರದ ಕೆಳಗೆ ಎಚ್ಚರಿಕೆಯಿಂದ ಎಳೆದ ಒಳರೇಖೆಗಳು ಕಂಡವು. ರೆಂಬ್ರಾಂಟ್ ಹಾಗೆ ರೇಖೆ ಎಳೆದುಕೊಂಡು ತುಂಬುವವನಲ್ಲ. ನೇರವಾಗಿ ಕುಂಚದಿಂದಲೇ ರೂಪ ಹುಡುಕುವವನು. ಮೂಲವೂ ನಕಲೂ ಅದಲುಬದಲಾದವು. ಹೇಗ್‌ನ ಚಿತ್ರ ನಯವಾಗಿದೆ, ಅಚ್ಚುಕಟ್ಟಾಗಿದೆ. ನಿಸ್ಸಂಶಯವಾಗಿ ಒಳ್ಳೆಯ ಕೈಯ ಕೆಲಸ. ಕ್ರಮ ಮಾತ್ರ ಬೇರೆಯವನದು.

ಸಂಗ್ರಹಾಲಯಗಳು ಬಾಗಿಲು ತೆರೆದ ಮೇಲೆ ಗುರುವಿಲ್ಲದ ನಕಲಿನ ಯುಗ ಆರಂಭವಾಯಿತು. 1793ರಲ್ಲಿ ಸಾರ್ವಜನಿಕರಿಗೆ ತೆರೆದ ಲೂವ್ರ್‌ನಲ್ಲಿ ಮೊದಲಿನಿಂದಲೂ ಕಲಾವಿದರಿಗೆಂದೇ ದಿನಗಳನ್ನು ಮೀಸಲಿಟ್ಟಿದ್ದರು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ 1897ರವರೆಗೆ ಹೆಂಗಸರನ್ನು ಸೇರಿಸಿಕೊಳ್ಳದಿದ್ದುದರಿಂದ, ಬೆರ್ತ್ ಮೊರಿಸೊಳಂಥವರಿಗೆ ಲೂವ್ರ್‌ನ ಗೋಡೆಗಳೇ ಶಾಲೆಯಾದವು. ಜಾನ್ ಸಿಂಗರ್ ಸಾರ್ಜೆಂಟ್ 1879ರಲ್ಲಿ ಮಾಡ್ರಿಡ್‌ಗೆ ಹೋಗಿ ವೆಲಾಸ್ಕೆಸ್‌ನನ್ನೂ, ಮರುವರ್ಷ ಹಾರ್ಲೆಮ್‌ಗೆ ಹೋಗಿ ಫ್ರಾನ್ಸ್ ಹಾಲ್ಸ್‌ನನ್ನೂ ನಕಲಿಸಿದನು. ಆಗ ಅವನಿನ್ನೂ ಇಪ್ಪತ್ತರ ಹರೆಯದಲ್ಲಿದ್ದನು. ಲೂವ್ರ್‌ನಲ್ಲಿ ಇಂದಿಗೂ ಅನುಮತಿ ಪಡೆದು ಇಝಲ್ ಹಾಕಿ ಕೂರಬಹುದು. ಪ್ರತಿಯ ಅಳತೆ ಮೂಲಕ್ಕಿಂತ ಕನಿಷ್ಠ ಐದನೇ ಒಂದು ಭಾಗದಷ್ಟು ಹಿರಿದೋ ಕಿರಿದೋ ಆಗಿರಬೇಕು, ಕಲಾವಿದನ ಸಹಿಯನ್ನು ನಕಲಿಸಬಾರದು ಎಂಬ ನಿಯಮಗಳಿವೆ. ಮನೆಯಲ್ಲಿ ಕೂತು ನಕಲಿಸುವವರೂ ಇವೆರಡನ್ನು ಪಾಲಿಸುವುದು ಒಳ್ಳೆಯದು.

ಯಾವ ಚಿತ್ರವನ್ನು ಆರಿಸಿಕೊಳ್ಳಬೇಕು? ಇಷ್ಟವಾದುದನ್ನು ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಇಷ್ಟವಾದ ಚಿತ್ರ ಕಲಿಸುವ ಚಿತ್ರವಾಗಿರಬೇಕೆಂದೇನೂ ಇಲ್ಲ. ತಲೆ ಮತ್ತು ಭುಜ ಮಾತ್ರ ಇರುವ, ಒಂದೇ ಕಡೆಯಿಂದ ಬೆಳಕು ಬೀಳುವ, ಸಂಗ್ರಹಾಲಯದವರು ವೈಜ್ಞಾನಿಕವಾಗಿ ಪರೀಕ್ಷಿಸಿ ವಿವರ ಪ್ರಕಟಿಸಿರುವ ಚಿತ್ರ ಸಿಕ್ಕರೆ ಅದು ಉತ್ತಮ. ಇನ್ನೊಂದು ಸಂಗತಿ, ಕಲಾವಿದನ ವಿಧಾನಕ್ಕೂ ನಕಲಿಸುವವರ ವಿಧಾನಕ್ಕೂ ಹೊಂದಿಕೆ ಇರಬೇಕು. ಫ್ರಾನ್ಸ್ ಹಾಲ್ಸ್‌ನ ಮುಖವನ್ನು ವಾರಕ್ಕೊಂದು ಪದರದಂತೆ ಕಟ್ಟುತ್ತಾ ಹೋಗುವುದು ಅವನ ಕೆಲಸವನ್ನೇ ತಪ್ಪಾಗಿ ಓದಿದಂತೆ. ಅವನು ಹಸಿಬಣ್ಣದ ಮೇಲೆ ಹಸಿಬಣ್ಣ ಎಳೆದು, ಎಳೆದ ಗೆರೆಯನ್ನು ಸವರದೆ ಹಾಗೆಯೇ ಬಿಟ್ಟವನು. ಟಿಶಿಯನ್ ಇದಕ್ಕೆ ತದ್ವಿರುದ್ಧ. ಅವನ ಶಿಷ್ಯವರ್ಗದ ಪಾಲ್ಮಾ ಹೇಳಿದ್ದೆಂದು ಹದಿನೇಳನೆಯ ಶತಮಾನದ ಲೇಖಕ ಬೊಸ್ಕೀನಿ ದಾಖಲಿಸಿರುವಂತೆ, ಟಿಶಿಯನ್ ಆರಂಭಿಸಿದ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಶತ್ರುವನ್ನು ನೋಡುವಂತೆ ನೋಡಿ ತಿದ್ದುತ್ತಿದ್ದನು. ಕೊನೆಯಲ್ಲಿ ಕುಂಚಕ್ಕಿಂತ ಬೆರಳನ್ನೇ ಹೆಚ್ಚು ಬಳಸುತ್ತಿದ್ದನು. ಟಿಶಿಯನ್‌ನನ್ನು ಮೊದಲ ನಕಲಿಗೆ ಆರಿಸಿಕೊಳ್ಳಬೇಡಿ ಎಂದು ನಾನು ಹೇಳುವುದು ಈ ಕಾರಣದಿಂದ. ಬಣ್ಣಕ್ಕೆ ಇಳಿಯುವ ಮುನ್ನ ರೇಖೆಯ ನಕಲು ಬೇಕೆನ್ನುವವರಿಗೆ ಹಾಲ್ಬೈನ್‌ನ ಮುಖರೇಖೆಗಳಿವೆ. 1866ರಿಂದ 1871ರ ನಡುವೆ ಪ್ಯಾರಿಸ್ಸಿನಲ್ಲಿ ಬಾರ್ಗ್ ಮತ್ತು ಜೆರೋಮ್ ಹೊರತಂದ 197 ಮಾದರಿ ಹಾಳೆಗಳಲ್ಲಿ ಅವಕ್ಕೆ ದೊಡ್ಡ ಸ್ಥಾನವಿತ್ತು, ಮತ್ತು ಸ್ವತಃ ಕಲಿತವನೆಂದು ನಾವು ಹೇಳುವ ವ್ಯಾನ್ ಗಾಗ್ ಆ ಹಾಳೆಗಳನ್ನು ಶ್ರದ್ಧೆಯಿಂದ ನಕಲಿಸಿದ್ದನು.

ಈಗ ಕೆಲಸಕ್ಕೆ ಬರೋಣ. ಮೊದಲ ತೊಡಕು ಬಿಳಿಯ ಕ್ಯಾನ್ವಾಸ್. ಹದಿನಾರು, ಹದಿನೇಳನೆಯ ಶತಮಾನಗಳ ಹಲವು ಭಾವಚಿತ್ರಗಳ ಕೆಳಗೆ ಕಂದು, ಬೂದು ಅಥವಾ ಕೆಂಪು ಛಾಯೆಯ ತಳಬಣ್ಣ ಇರುತ್ತದೆ, ಮತ್ತು ಅದು ಮುಚ್ಚಿಹೋಗದೆ ಚಿತ್ರದುದ್ದಕ್ಕೂ ಕೆಲಸ ಮಾಡುತ್ತಿರುತ್ತದೆ. ಬಿಳಿಯ ಮೇಲೆ ನೆರಳನ್ನು ತೆಳುವಾಗಿ ಹಾಕಿದರೆ ಅದು ಹೊಳೆಯುತ್ತದೆ, ದಪ್ಪವಾಗಿ ಹಾಕಿದರೆ ಸಾಯುತ್ತದೆ. ತಳಬಣ್ಣ ಸರಿಯಿದ್ದರೆ ನೆರಳಿನ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ರೆಂಬ್ರಾಂಟ್‌ನ ಕೊನೆಯ ವರ್ಷಗಳ ಮುಖವೊಂದನ್ನು ಬದಿಯಿಂದ ಬೀಳುವ ಬೆಳಕಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ನೋಡಿ: ಹಣೆ, ಮೂಗು, ಕೆನ್ನೆಯ ಮೇಲೆ ಬಣ್ಣ ಉಬ್ಬಿ ನಿಂತಿರುತ್ತದೆ, ನೆರಳಿನಲ್ಲಿ ಕ್ಯಾನ್ವಾಸಿನ ನೇಯ್ಗೆಯೇ ಕಾಣುವಷ್ಟು ತೆಳುವಾಗಿರುತ್ತದೆ. ಕಲಿಯುವವರ ನಕಲುಗಳಲ್ಲಿ ದಪ್ಪ ಎಲ್ಲೆಡೆ ಒಂದೇ ಸಮ. ಪ್ರತಿ ಸಪ್ಪೆಯಾಗಿ ಕಾಣಲು ಬಣ್ಣಕ್ಕಿಂತ ಹೆಚ್ಚಾಗಿ ಈ ಸಮತಟ್ಟೇ ಕಾರಣ.

ರೇಖೆಯನ್ನು ಚೌಕಳಿ ಹಾಕಿ ಇಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದು ಮೋಸವೆಂಬ ಮಾತು ಕೇಳುತ್ತಿರುತ್ತೇವೆ. ಬಣ್ಣದ ಕ್ರಮ ಕಲಿಯಲು ಕೂತವರು ಅಳತೆಯ ಜಗಳದಲ್ಲಿ ದಿನ ಕಳೆಯಬೇಕಾಗಿಲ್ಲ. ಆದರೆ ಇಳಿಸಿಕೊಂಡ ರೇಖೆಯನ್ನು ಬೇಲಿಯೆಂದು ತಿಳಿದು ಅದರೊಳಗೆ ಬಣ್ಣ ತುಂಬಿಸುವುದು ಬೇಡ.

ಅದರ ಮೇಲೆ ಅಂಬರ್ (ಕಂದು ಮಣ್ಣಿನ ಬಣ್ಣ), ಕಪ್ಪು, ಬಿಳಿಗಳಿಂದ ನೆರಳು-ಬೆಳಕಿನ ಮಂಕುಬಣ್ಣದ ಒಂದು ಪದರ ಬರುತ್ತದೆ. ಇದು ಒಣಗಬೇಕು. ಒಣಗದೆ ಮುಂದುವರಿದರೆ ಮುಂದಿನ ಮಾತಿಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಹಳೆಯ ಭಾವಚಿತ್ರಗಳ ಅತ್ಯಂತ ಸೂಕ್ಷ್ಮವಾದ ಭಾಗ ಹುಟ್ಟುವುದು ಒಣಗಿದ ಗಾಢಬಣ್ಣದ ಮೇಲೆ ತಿಳಿಬಣ್ಣ ಹಾಯುವಾಗ.

ಆ ಭಾಗ ಹಾಫ್‌ಟೋನ್. ಹಣೆಯ ಪಕ್ಕದಲ್ಲಿ, ಕಪೋಲದ ಎಲುಬಿನ ಕೆಳಗೆ, ಬಾಯಿಯ ಮೂಲೆಯ ಬಳಿ, ಬೆಳಕು ಮುಗಿದು ನೆರಳು ಇನ್ನೂ ಆರಂಭವಾಗದ ಕಿರಿದಾದ ಜಾಗದಲ್ಲಿ, ಮುಖ ತುಸು ನೀಲಿಗಪ್ಪಾಗಿ, ಮುತ್ತಿನ ಬಣ್ಣಕ್ಕೆ ತಿರುಗುತ್ತದೆ. ಚರ್ಮದ ಕೆಳಗೆ ರಕ್ತವಿದೆ ಎನ್ನುವ ಭಾವ ಬರುವುದೇ ಈ ತಣ್ಣನೆಯ ಪಟ್ಟಿಯಿಂದ. ನಕಲಿಸುವವರು ಅದನ್ನು ನೋಡಿ, ಬಿಳಿ ಮತ್ತು ಓಕರ್‌ಗೆ (ಹಳದಿ ಮಣ್ಣಿನ ಬಣ್ಣಕ್ಕೆ) ಚೂರು ನೀಲಿ ಬೆರೆಸಿ, ಕಂಡ ಬಣ್ಣವನ್ನು ನಿಖರವಾಗಿಯೇ ಕಲಸಿಕೊಂಡು ಹಚ್ಚುತ್ತಾರೆ. ಪ್ಯಾಲೆಟ್ಟಿನಲ್ಲಿ ಸರಿಯಾಗಿ ಕಂಡದ್ದು ಮುಖದ ಮೇಲೆ ಸುಣ್ಣ ಬಳಿದಂತೆ ಕಾಣುತ್ತದೆ. ರೂಬೆನ್ಸ್‌ನ ಮುಖಗಳಲ್ಲಿ ಇಂಥ ಕಡೆ ಬಹಳಷ್ಟು ಸಲ ನೀಲಿಯ ವರ್ಣದ್ರವ್ಯವೇ ಬೇಕಾಗಿಲ್ಲ. ಕಂದು-ಬೂದು ತಳದ ಮೇಲೆ, ಬೆಳಕಿನ ಭಾಗದ ಅದೇ ಬೆಚ್ಚನೆಯ ಮೈಬಣ್ಣವನ್ನು ಹಾಲಿನಂತೆ ತೆಳುವಾಗಿ ಎಳೆದಾಗ, ಕೆಳಗಿನ ಗಾಢತೆ ಮೇಲಿನ ತಿಳಿಪದರದ ಮೂಲಕ ತಣ್ಣಗಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ತೆಳು ಹೊಗೆ ನೀಲಿಯಾಗಿ ಕಾಣುವುದಕ್ಕೂ ಕಾರಣ ಇದೇ: ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚು ಚೆದರಿಸುತ್ತವೆ.

ಇದನ್ನು ಕೈಯಲ್ಲಿ ಮಾಡುವ ಬಗೆ ಹೀಗೆ. ಬೆಳಕಿನ ಭಾಗದ ಮೈಬಣ್ಣವನ್ನು ಗಟ್ಟಿಯಾಗಿಯೇ ಕಲಸಿಕೊಳ್ಳಿ, ಎಣ್ಣೆ ಹೆಚ್ಚಿಸಬೇಡಿ. ಹಣೆಯ ನಡುವೆ ದಪ್ಪವಾಗಿ ಇಟ್ಟು, ಕುಂಚಕ್ಕೆ ಮತ್ತೆ ಬಣ್ಣ ತೆಗೆದುಕೊಳ್ಳದೆ, ಅದೇ ಬಣ್ಣವನ್ನು ನೆರಳಿನ ಕಡೆಗೆ ಎಳೆಯುತ್ತಾ ಬನ್ನಿ. ಬಣ್ಣ ಸವೆದಂತೆ ತಳ ಮೇಲೆ ಬರುತ್ತದೆ, ಒಂದು ಹಂತದಲ್ಲಿ ಬೂದಿನ ಛಾಯೆ ತಾನಾಗಿ ತೋರುತ್ತದೆ. ಅಲ್ಲಿ ನಿಲ್ಲಿಸಬೇಕು. ಇನ್ನೊಂದು ಸಲ ಸವರಿದರೆ ಅದು ಹೋಯಿತು, ಒರೆಸಿ ಮೊದಲಿನಿಂದ ಆರಂಭಿಸಬೇಕು. ಒಂದೇ ಒಂದು ಕಲಸಿದ ಬಣ್ಣದಿಂದ ಬೆಚ್ಚನೆಯ ಬೆಳಕು, ತಣ್ಣನೆಯ ಮಧ್ಯ, ಮತ್ತೆ ಬೆಚ್ಚನೆಯ ನೆರಳು ಮೂರೂ ಸಿಗುವುದನ್ನು ಒಮ್ಮೆ ಕಂಡವರು ಆಮೇಲೆ ಮುಖಕ್ಕೆ ಇಪ್ಪತ್ತು ಬಣ್ಣ ಕಲಸಲು ಹೋಗುವುದಿಲ್ಲ. ಪುಸ್ತಕ ಓದಿಯೋ ವಿಡಿಯೊ ನೋಡಿಯೋ ಇದು ಬರುವುದಿಲ್ಲ, ಕೈಗೆ ಬರಬೇಕು.

ಬಿಳಿಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂದಿನವರದು ಸೀಸದ ಬಿಳಿ. ಅದು ವಿಷ, ಹೊಸಬರು ಅದರ ಗೊಡವೆಗೆ ಹೋಗದಿರುವುದು ಕ್ಷೇಮ. ಈಗ ಸಾಮಾನ್ಯವಾಗಿ ಸಿಗುವ ಟೈಟೇನಿಯಂ ಬಿಳಿ ಇಪ್ಪತ್ತನೆಯ ಶತಮಾನದ್ದು, ಮುಚ್ಚುವ ಶಕ್ತಿ ಅದಕ್ಕೆ ಹೆಚ್ಚು, ಬಣ್ಣವನ್ನು ಬೇಗ ತಣ್ಣಗೆ ಮಾಡಿಬಿಡುತ್ತದೆ. ಆದ್ದರಿಂದ ಅದನ್ನು ಕಡಿಮೆ ಬಳಸಿ, ಚೂರು ಓಕರ್‌ನಿಂದ ಬೆಚ್ಚಗೆ ಮಾಡಿಕೊಳ್ಳಬೇಕು. ಪಾದರಸದಿಂದ ಮಾಡುತ್ತಿದ್ದ ವರ್ಮಿಲಿಯನ್ ಎಂಬ ಕೆಂಪಿನ ಬದಲು ಕ್ಯಾಡ್ಮಿಯಂ ಕೆಂಪು ನಡೆಯುತ್ತದೆ, ಆದರೆ ಅದನ್ನೂ ಕಡ್ಡಿಯ ತುದಿಯಷ್ಟೇ ತೆಗೆದುಕೊಳ್ಳಬೇಕು.

ಅಂಚುಗಳಿಗೆ ಬಂದರೆ, ಫರ್ಮೀರ್‌ನ ಮುತ್ತಿನೋಲೆಯ ಹುಡುಗಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. 1665ರ ಸುಮಾರಿನ ಈ ಚಿತ್ರ ಕೇವಲ 44.5 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲದ್ದು. ಮೂಗಿನ ಏಣನ್ನು ಹುಡುಕಿ ನೋಡಿ: ಅಲ್ಲಿ ಗೆರೆಯಿಲ್ಲ. ಮೂಗಿನ ಬೆಳಕೂ ಆಚೆಯ ಕೆನ್ನೆಯ ಬೆಳಕೂ ಒಂದೇ ಬಣ್ಣವಾಗಿ ಸೇರಿಹೋಗಿವೆ, ಮೂಗಿನ ಆಕಾರವನ್ನು ನೋಡುವವರೇ ಪೂರ್ತಿ ಮಾಡಿಕೊಳ್ಳುತ್ತಾರೆ. ನಕಲಿಸುವವರಲ್ಲಿ ಹೆಚ್ಚಿನವರು ಅಲ್ಲಿ ಒಂದು ಮೃದುವಾದ ನೆರಳನ್ನು ಸೇರಿಸುತ್ತಾರೆ, ಸೇರಿಸಿದ್ದು ಅವರ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಮೂಗಿಗೆ ಬದಿ ಇರಬೇಕೆಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಮುತ್ತು ಕೂಡ ಹಾಗೆಯೇ. ಮೇಲೆ ಒಂದು ದಪ್ಪನೆಯ ಹೊಳಪು, ಕೆಳಗೆ ಕೊರಳಪಟ್ಟಿಯ ಬಿಳುಪಿನ ಮಸುಕು ಪ್ರತಿಬಿಂಬ. ಕಿವಿಗೆ ತೂಗುಹಾಕುವ ಕೊಂಡಿಯೇ ಇಲ್ಲ.

ಅದೇ ಚಿತ್ರ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. 2018ರಲ್ಲಿ ನಡೆದ ವಿಸ್ತಾರವಾದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾದಾಗ, ನಾವೆಲ್ಲ ಕಪ್ಪೆಂದು ತಿಳಿದಿದ್ದ ಹಿನ್ನೆಲೆ ಮೊದಲು ಹಸಿರು ಪರದೆಯಾಗಿತ್ತೆಂದು ದೃಢವಾಯಿತು. ಗಾಢ ತಳದ ಮೇಲೆ ನೀಲಿ ಮತ್ತು ಹಳದಿ ಸಸ್ಯಜನ್ಯ ಬಣ್ಣಗಳ ಪಾರದರ್ಶಕ ತೆಳುಪದರ (ಗ್ಲೇಝ್) ಅದು, ಕಾಲಕ್ರಮದಲ್ಲಿ ಮಾಸಿದೆ. ಬರಿಗಣ್ಣಿಗೆ ಕಾಣದ ಸೂಕ್ಷ್ಮ ರೆಪ್ಪೆಗೂದಲುಗಳೂ ಕಂಡವು. ಹಾಗಾದರೆ ಇಂದು ಆ ಚಿತ್ರವನ್ನು ನಕಲಿಸುವವರು ಯಾವುದನ್ನು ನಕಲಿಸಬೇಕು, ಫರ್ಮೀರ್ ಬರೆದುದನ್ನೋ ಮೂರೂವರೆ ಶತಮಾನ ಉಳಿಸಿಕೊಟ್ಟಿರುವುದನ್ನೋ? ಎರಡರಲ್ಲಿ ಯಾವುದಾದರೂ ಆಗಬಹುದು, ಆದರೆ ಆರಂಭಿಸುವ ಮುನ್ನ ನಿರ್ಧಾರವಾಗಿರಬೇಕು. ಹಳದಿಯಾದ ವಾರ್ನಿಶ್ಶನ್ನು ಮೈಬಣ್ಣವೆಂದು ತಿಳಿದು ಕಲಸಿದ ಮುಖಗಳು ಕಾಮಾಲೆ ಹಿಡಿದಂತೆ ಕಾಣುವುದನ್ನು ತಾವೂ ನೋಡಿರಬಹುದು. ಕಂಪ್ಯೂಟರಿನ ಪರದೆಯ ಮೇಲೆ ನೋಡಿ ನಕಲಿಸುವವರಿಗೆ ಈ ತೊಂದರೆ ಇಮ್ಮಡಿ, ಏಕೆಂದರೆ ಪರದೆ ಬೆಳಕನ್ನು ಹೊರಸೂಸುತ್ತದೆ, ಕ್ಯಾನ್ವಾಸ್ ಬೆಳಕನ್ನು ಮರಳಿಸುತ್ತದೆ. ಪರದೆಯಲ್ಲಿ ಹೊಳೆಯುವ ನೆರಳನ್ನು ಬಣ್ಣದಲ್ಲಿ ಹಿಡಿಯಲು ಹೋದರೆ ನೆರಳೆಲ್ಲ ತಿಳಿಯಾಗಿಬಿಡುತ್ತದೆ. ರೂಪ ಮತ್ತು ಕುಂಚದ ಗುರುತುಗಳಿಗೆ ಪರದೆಯನ್ನು ನಂಬಬಹುದು. ಬಣ್ಣಕ್ಕೆ, ಸಾಧ್ಯವಾದಾಗ, ಆ ಕಲಾವಿದನ ಯಾವುದಾದರೂ ಒಂದು ಚಿತ್ರವನ್ನು ನೇರವಾಗಿ ನೋಡಿ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ವಿರೋಧದ ಮಾತನ್ನೂ ಕೇಳಬೇಕು. ಲಂಡನ್ನಿನ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾಗಿದ್ದ, ಸ್ವತಃ ಭಾವಚಿತ್ರಕಾರನಾದ ಜೋಶುವಾ ರೆನಾಲ್ಡ್ಸ್, 1769ರಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಲ್ಲಿ, ಇಡೀ ಚಿತ್ರವನ್ನು ಹಾಗೆಯೇ ನಕಲಿಸುವುದು ದುಡಿದ ತೃಪ್ತಿ ಕೊಟ್ಟು ಮರುಳುಮಾಡುವ ಕೆಲಸವೆಂದು ಎಚ್ಚರಿಸಿದನು. ನಕಲಿಸುವವನು ಏನನ್ನೂ ಆರಿಸುವುದಿಲ್ಲ, ಏನನ್ನೂ ಜೋಡಿಸುವುದಿಲ್ಲ. ಬಳಸದ ಶಕ್ತಿ ನಿದ್ದೆ ಹೋಗುತ್ತದೆ ಎಂಬುದು ಅವನ ವಾದದ ಸಾರ. ಭಾವಚಿತ್ರದ ಮಟ್ಟಿಗೆ ಈ ವಾದ ಇನ್ನೂ ಬಲವಾದುದೆಂದು ನನಗನ್ನಿಸುತ್ತದೆ. ಕುಳಿತ ವ್ಯಕ್ತಿ ಅಲುಗಾಡುತ್ತಾರೆ, ದಣಿಯುತ್ತಾರೆ, ಅರ್ಧ ಗಂಟೆಯಲ್ಲಿ ಬಾಯಿ ಸಡಿಲವಾಗುತ್ತದೆ, ಕಿಟಕಿಯ ಬೆಳಕು ಸರಿಯುತ್ತದೆ. ಅವುಗಳ ನಡುವೆ ಯಾವ ಕ್ಷಣದ ಮುಖವನ್ನು ಹಿಡಿಯಬೇಕೆಂಬ ಆಯ್ಕೆಯೇ ಭಾವಚಿತ್ರಕಾರನ ಮುಖ್ಯ ಕೆಲಸ. ಆ ಆಯ್ಕೆಯನ್ನು ನಕಲಿನಲ್ಲಿ ಬೇರೊಬ್ಬರು ಆಗಲೇ ಮಾಡಿ ಮುಗಿಸಿರುತ್ತಾರೆ. ನಕಲು ಮಾಡಿ ಮಾಡಿ ಪಳಗಿದ ಕೈ ಜೀವಂತ ಮುಖದ ಮುಂದೆ ಕಂಗಾಲಾಗುವುದು ಇದರಿಂದಲೇ.

ರೆನಾಲ್ಡ್ಸ್‌ನದೇ ಇನ್ನೊಂದು ಕಥೆ ಈ ವಾದಕ್ಕೆ ವಿಚಿತ್ರವಾದ ಅಡಿಟಿಪ್ಪಣಿಯಂತಿದೆ. ಹಳೆಯವರ ಮೈಬಣ್ಣದ ರಹಸ್ಯ ಹುಡುಕುತ್ತಾ ಅವನು ಬಗೆಬಗೆಯ ವಸ್ತುಗಳನ್ನು ಪ್ರಯೋಗಿಸಿದನು. ಅವನು ಬಳಸಿದ ನಾಜೂಕಾದ ಕೆಂಪುಗಳು ಅವನ ಕಾಲದಲ್ಲಿಯೇ ಮಾಸತೊಡಗಿ, ಹಲವು ಮುಖಗಳು ಇಂದು ಬಿಳಿಚಿಕೊಂಡಿವೆ. ಆ ಬಿಳಿಚನ್ನು ಅವನ ಶೈಲಿಯೆಂದು ತಿಳಿದು ನಕಲಿಸುವವರೂ ಇದ್ದಾರೆ.

ಆದರೆ ಅವನು ಆ ಭಾಷಣದಲ್ಲಿ ಸೂಚಿಸಿದ ಪರಿಹಾರ ಇವತ್ತಿಗೂ ಉಪಯುಕ್ತ. ಮೆಚ್ಚಿದ ಚಿತ್ರವನ್ನು ನಕಲಿಸುವ ಬದಲು, ಅದಕ್ಕೆ ಜೋಡಿಯಾಗಬಲ್ಲ ಚಿತ್ರವೊಂದನ್ನು ಬರೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕೆಂದನು. ನಾನು ಇದನ್ನು ನಕಲಿನ ಬದಲಿಗೆ ಎನ್ನುವುದಿಲ್ಲ, ನಕಲು ಮುಗಿದ ಕೂಡಲೇ ಎನ್ನುತ್ತೇನೆ. ತಳಬಣ್ಣ ಅದೇ, ಪ್ಯಾಲೆಟ್ಟಿನ ನಾಲ್ಕೈದು ಬಣ್ಣಗಳೂ ಅವೇ, ಬೆಳಕು ಬರುವ ದಿಕ್ಕೂ ಅದೇ. ಎದುರಿಗೆ ಮಾತ್ರ ಒಬ್ಬ ಜೀವಂತ ವ್ಯಕ್ತಿಯನ್ನು ಕೂರಿಸಿಕೊಳ್ಳಬೇಕು. ಹೊಳಪುಗಳ ತನಕ ಹೋಗದಿದ್ದರೂ ಚಿಂತೆಯಿಲ್ಲ. ನಕಲನ್ನೂ ಇದನ್ನೂ ಒಂದೇ ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ನಿಂತಾಗ ಮೊದಲು ನೋಡಬೇಕಾದುದು ಹೋಲಿಕೆಯನ್ನಲ್ಲ, ಹಣೆಯ ಪಕ್ಕದ ಹಾಫ್‌ಟೋನನ್ನು. ನಕಲಿನಲ್ಲಿ ತಳದಿಂದ ತಾನಾಗಿ ಬಂದ ಬೂದು ಇಲ್ಲಿಯೂ ಬಂದಿದ್ದರೆ ಕ್ರಮ ಕೈಗೆ ಹತ್ತಿದೆ. ಬರದಿದ್ದರೆ ಅದೇ ನಕಲಿನ ಹಣೆಯೊಂದನ್ನೇ, ಬೇರೊಂದು ತುಂಡು ಕ್ಯಾನ್ವಾಸಿನ ಮೇಲೆ, ಮತ್ತೆ ಮಾಡಬೇಕು.